ನೂರಕ್ಕೆ ಮೂವತ್ತು

ಕಾಗಲದ ಫೌಂಡ್ರಿಯ ಹಿಂಗೋಡೆಗೆ ಒರಗಿ
ಗುಡ್ಡೆ ಬಿದ್ದಿದೆ ಕರಿ ಉಸುಕು.
ಬಾವಿಪಂಪಿನ ಹೊಟ್ಟೆ, ಟ್ರ್ಯಾಕ್ಟರಿನ ಎದೆಗೂಡು,
ಕಬ್ಬಿನ ಗಾಣದ ಹಲ್ಲುಗಾಲಿ
ಒಂದೊಂದನ್ನೂ ಒಳಗೆ ಹೊತ್ತು
ಕುದಿವ ಕಬ್ಬಿಣ ಕುಡಿದು
ಕೊನೆಗೊಂದು ದಿನ ಅಚ್ಚು ನಿಲ್ಲದೆ ಉದುರಿತೆಂದು
ಟಿಪ್ಪರಿಗೆ ತುಂಬಿ ಸುರಿದದ್ದು.

ಭೂಪಾಲ ಗೌಂಡಿ ಒಂದು ಚಿಟಿಕೆ ತಿಕ್ಕಿ
ಮಸಿಯಾದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ.
"ಹೊಳಿ ಉಸುಕು ಮುಷ್ಟ್ಯಾಗ ಕಿರ್ ಅಂತದ, ಮಾತಾಡ್ತದ.
ಇದಕ್ಕ ಬಾಯಿ ಇಲ್ಲ, ಸುಗಲಾ."

ನನ್ನಪ್ಪ ಹಿರಣ್ಯಕೇಶಿಯಲ್ಲಿ ಮುಳುಗಿ
ಬುಟ್ಟಿ ಬುಟ್ಟಿ ಉಸುಕು ತೆಗೆದವ.
ಸಂಜೆ ದಂಡೆಯ ಮೇಲೆ ತಲೆ ಓರೆ ಮಾಡಿ
ಒಂಟಿಗಾಲಲ್ಲಿ ಕುಣಿಯುತ್ತಿದ್ದ, ಕಿವಿಯ ನೀರು ಇಳಿಯಲೆಂದು.
ನಾವು ಬಿದ್ದು ಬಿದ್ದು ನಗುತ್ತಿದ್ದೆವು.
ಆ ಮಡುವಿನಲ್ಲಿ ಈಗ ಬರೀ ಹಾಸುಬಂಡೆ,
ನೀರಿಗಿಳಿದ ಎಮ್ಮೆಗಳ ಕಾಲು ಜಾರುತ್ತವೆ.

ನನ್ನದು ಜರಡಿ, ತಕ್ಕಡಿ, ದಾಖಲೆ ವಹಿಯ ಕೆಲಸ,
ಗಡಹಿಂಗ್ಲಜದ ಪಾಲಿಟೆಕ್ನಿಕ್ಕಿನ ಹಿಂದಿನ ಶೆಡ್ಡಿನಲ್ಲಿ.
ನಾಕು ನೀರು ತೊಳೆದೆ.
ಕಲ್ಲಿದ್ದಲ ಪುಡಿ, ಜೇಡಿ, ಸುಟ್ಟ ವಾಸನೆ,
ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ.
ಹೊಳೆಯ ಉಸುಕಿಗೆ ನೂರಕ್ಕೆ ಹತ್ತು ಬೆರೆಸಿದೆ,
ಇಪ್ಪತ್ತು, ಮೂವತ್ತು,
ಆಸೆಗೆ ಐವತ್ತು.
ಆರಿಂಚಿನ ಘನಗಳ ಹಸಿ ಮೈಮೇಲೆ
ಮೊಳೆಯಲ್ಲಿ ತಾರೀಖು ಕೆತ್ತಿ
ಟಾಕಿಯ ನೀರಿಗಿಳಿಸಿ
ಇಪ್ಪತ್ತೆಂಟು ದಿನ ಎಣಿಸಿದೆ.
ನನ್ನ ಬಾಣಂತನವನ್ನೂ ಹೀಗೆ ಎಣಿಸಿರಲಿಲ್ಲ ನಾನು.

ಯಂತ್ರದ ದವಡೆಯಲ್ಲಿ ಐವತ್ತರದ್ದು
ಆರಿದ ರೊಟ್ಟಿಯ ಹಾಗೆ ಮುರಿಯಿತು.
ಮೂವತ್ತರದ್ದು ಮುಳ್ಳನ್ನು ಮೇಲಕ್ಕೆ ನೂಕುತ್ತ ನೂಕುತ್ತ
ಬರೀ ಹೊಳೆ ಉಸುಕಿನ ಘನ ಸೋತ ಗೆರೆ ಮುಟ್ಟಿ
ಅಲ್ಲೇ ಒಂದು ಉಸಿರು ನಿಂತು
ಆಮೇಲೆ ಠಪ್ಪೆಂದಿತು.

ಬಾಗಿಲಲ್ಲಿದ್ದ ಭೂಪಾಲ ಚೂರೊಂದನ್ನು ಎತ್ತಿಕೊಂಡು
"ಮಾತಾಡ್ತು ನೋಡು" ಅಂದ.
ಒಪ್ಪಿದ ಅಂತಲ್ಲ.
ತನ್ನ ಅಡುಗೆಮನೆ ನೆಲಕ್ಕೆ ಅವನು ಇನ್ನೂ
ಹೊಳೆ ಉಸುಕನ್ನೇ ಕದ್ದು ತರಿಸುತ್ತಾನೆ, ರಾತ್ರಿ ಗಾಡಿಯಲ್ಲಿ.

ಮೊದಲ ಹಾಸು ಬಿದ್ದದ್ದು ಹಾಲಿನ ಡೇರಿಯ ಮುಂದೆ,
ಕ್ಯಾನು ಇಳಿಸುವಲ್ಲಿ. ಒಂದು ಛಾಯೆ ಕಪ್ಪು.
ಅಪ್ಪ ಬಂದ, ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತ,
ಹಿಮ್ಮಡಿಯಿಂದ ಎರಡು ಸಲ ಗುದ್ದಿ ನೋಡಿದ.
ಆಮೇಲೆ ತಲೆ ಓರೆ ಮಾಡಿ ಕೇಳಿದ:
"ಇದನ್ನ ಯಾವ ನೀರಾಗ ಮುಳುಗಿ ತಗದ್ರವ್ವ?"