ಜಾಕ್‌ವೆಲ್ಲಿನ ಬುಡಕ್ಕ

ಜಾಳಿಗಿ ಕಟ್ಟೇತಿ ಅಂತ ಕರಿಸಿದ್ರು.
ಬೆನ್ನಿಗೆ ಸಿಲಿಂಡರ್ ಬಿಗದು
ದಾದಾಪೀರ ಹಗ್ಗ ಸಡ್ಲ ಬಿಟ್ಟ.

ಹಳೇ ಬಾಗಲಕೋಟಿ ಹಿನ್ನೀರು, ಚಹಾದ ಬಣ್ಣ.
ಚಾಚಿದ ಕೈ ನನಗ ಕಾಣವಲ್ದು.
ಕಾಲಿಗೆ ಹತ್ತಿದ್ದು ಕಲ್ಲಂದ್ರ ಕಲ್ಲಲ್ಲ, ಪಾವಟಿಗಿ.
ಮ್ಯಾಲೆ ಯಾರದೋ ಹೊಸ್ತಿಲ, ಕದ ಇಲ್ಲ.

ಆಗ ಬಂದವು.
ಮೊದಲು ಕತ್ತಲಿ ಒಂದೀಟು ದಪ್ಪಾತು,
ಆಮ್ಯಾಲೆ ಬ್ಯಾಟರಿ ಬೆಳಕಿಗೆ
ಎಣಸಾಕ ಆಗದಷ್ಟು ಕಟ್ಲಾ
ಒಮ್ಮಿಗೇ ಹೊಳ್ಳಿದವು,
ಅಂಗಡಿ ಶಟರ್ ಎಳದಂಗ,
ಸಪ್ಪಳ ಇಲ್ಲ.

ಅಂಜಲಿಲ್ಲ. ನಾನೊಂದು ಲೈಟಿನ ಕಂಬ ಅಂದಕೊಂಡು
ಎಡಕ್ಕಿಷ್ಟು ಬಲಕ್ಕಿಷ್ಟು ಹಾದು ಮತ್ತ ಕೂಡಿದವು,
ಬಾಗಲದಾಗ ಹೊಕ್ಕು ಕಿಡಕ್ಯಾಗ ಹೊಂಟವು
ದಿನಾ ತಿರಗೋ ಓಣಿಯೊಳಗ.
ಉಸರು ಬಿಡೂದು ಮರತಿದ್ದೆ.
ಜಾಳಿಗಿನೂ ಮರತಿದ್ದೆ.

ಮ್ಯಾಲಿಂದ ಹಗ್ಗ ಎರಡು ಸಲ ಜಗ್ಗಿತು.

ತಡಿಯೋ ದಾದಾಪೀರ,
ಇನ್ನೂ ಬರಾಕತ್ತಾವ.