ಹೋಲ್ಡಾನ್

"ನೋಯಲ್ಲ" ಅನ್ನಬೇಡ ಅಂದಿದ್ದರು ಲೂರ್ದಮ್ಮ ಸಿಸ್ಟರ್,
ನಾನು ಡ್ರೆಸ್ಸಿಂಗ್ ರೂಮಿಗೆ ಬಂದ ಮೊದಲ ವಾರ.
ನೋಯುತ್ತೆ. ಅವರಿಗೂ ಗೊತ್ತು, ನಿನಗೂ ಗೊತ್ತು.
ಬಾಯಿ ಸುಳ್ಳು ಹೇಳಿದರೆ
ಕೈಯನ್ನು ಚರ್ಮ ನಂಬುವುದಿಲ್ಲ.

ಸಲೈನ್ ಬಾಟಲಿಯನ್ನು ಬಿಸಿನೀರ ಬೋಗುಣಿಯಲ್ಲಿ ನಿಲ್ಲಿಸು,
ಮಣಿಕಟ್ಟಿಗೊಂದು ಹನಿ ಬಿಟ್ಟು ನೋಡು, ಕೂಸಿನ ಹಾಲು ನೋಡಿದ ಹಾಗೆ.
ಅಂಟಿದ ಪಟ್ಟಿಯ ಮೇಲೆ ಸುರಿ. ಕಾಯು.
ಇನ್ನೂ ಕಾಯು.
ಇಕ್ಕಳ ಟ್ರೇಗೆ ಬಿದ್ದ ಸದ್ದಿಗೇ ಅರ್ಧ ಜನ ನಡುಗುತ್ತಾರೆ,
ಟ್ರೇಗೊಂದು ಬಟ್ಟೆ ಹಾಸು.

ಗುತ್ಯಪ್ಪ ಬಂದದ್ದು ದೀಪಾವಳಿ ಕಳೆದ ಮೇಲೆ.
ಶಿವಮೊಗ್ಗ–ಸಾಗರ ಬಸ್ಸಿನಲ್ಲಿ ಮೂವತ್ತು ವರ್ಷದ ಕಂಡಕ್ಟರು.
ಬಲಗಾಲು ಮೊಣಕಾಲಿಂದ ಪಾದದವರೆಗೆ ಸುಲಿದಿತ್ತು.
ನಾನಿನ್ನೂ ಗ್ಲೌಸ್ ಹಾಕುತ್ತಿದ್ದೆ,
ಅವರ ಅಂಗಿ ಆಗಲೇ ಒದ್ದೆ.

ದೇವರ ಹೆಸರು ಹೇಳಿ ಅಂದೆ. ಬೇಡ ಅಂದರು.
ನೂರರವರೆಗೆ ಎಣಿಸಿ ಅಂದೆ. ಹನ್ನೊಂದಕ್ಕೆ ಕೂಗಿದರು.
ಉಸಿರು ಎಳೆದು ನಿಧಾನ ಬಿಡಿ ಅಂದರೆ
"ಮೊದಲು ನೀವು ಬಿಡಿ, ನೋಡೋಣ."
ಏನೂ ತೋಚದೆ ಕೇಳಿದೆ:
"ಸಾಗರದ ಬಸ್ಸು ಎಲ್ಲೆಲ್ಲಿ ನಿಲ್ಲುತ್ತೆ?"

ಬೆನ್ನು ನೆಟ್ಟಗಾಯಿತು.
"ಗಾಡಿಕೊಪ್ಪ, ಆಯನೂರು, ಕುಂಸಿ, ಆನಂದಪುರ,
ಸಾಗರ ಸಾಗರ ಸಾಗರಾ!"
ಪಕ್ಕದ ವಾರ್ಡಿನಲ್ಲಿ ಅಜ್ಜಿಯೊಬ್ಬಳು ಎದ್ದು ಕೂತು
ಚೀಲ ಹುಡುಕಿದಳಂತೆ.

ಅವತ್ತಿನಿಂದ ಒಪ್ಪಂದ:
ಅವರು "ಹೋಲ್ಡಾನ್" ಅಂದರೆ ನನ್ನ ಕೈ ನಿಲ್ಲಬೇಕು,
ಪಟ್ಟಿ ಅರ್ಧ ಬಿಡಿಸಿದ್ದರೂ.
"ರೈಟ್" ಅನ್ನುವ ತನಕ ಹೊರಡುವಂತಿಲ್ಲ.
ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು.
ನೋಡಲಿ.

ಆಯನೂರಿನಲ್ಲಿ ಕೋಳಿಬುಟ್ಟಿ ಹತ್ತಿತು, ಅದಕ್ಕೆ ಅರ್ಧ ಟಿಕೆಟ್ಟೋ ಲಗೇಜೋ ಎಂದು ಜಗಳ.
ಕುಂಸಿಯಲ್ಲಿ ಹೈಸ್ಕೂಲು ಹುಡುಗ,
ಪಾಸಿನ ಫೋಟೋದಲ್ಲಿ ಇಲ್ಲದ ಮೀಸೆ ಮುಖದ ಮೇಲೆ.
ಕೊನೆಯ ಪದರವನ್ನು ಅವರೇ ಬಿಡಿಸಿದರು,
ಮೂವತ್ತು ವರ್ಷ ಟಿಕೆಟ್ ಹರಿದ ಬೆರಳಲ್ಲಿ,
ಏನೂ ಹರಿಯದ ಹಾಗೆ.

ಚೋರಡಿ ಮಾತ್ರ ಬರುತ್ತಿರಲಿಲ್ಲ.
ಕುಂಸಿ ಬಿಟ್ಟರೆ ಸೀದಾ ಆನಂದಪುರ.
ನನ್ನ ಚಿಕ್ಕಮ್ಮನ ಊರದು,
ಬಸ್ಸು ಅಲ್ಲಿ ನಿಲ್ಲುತ್ತದೆಂದು ಗೊತ್ತು.
ಕೇಳಲಿಲ್ಲ.

ಎಲ್ಲರಿಗೂ ಬಸ್ಸು ಆಗುವುದಿಲ್ಲ.
ಗಂಜಿ ಮೈಮೇಲೆ ಚೆಲ್ಲಿಕೊಂಡ ಜುವೇರಿಯಾ
ಸೋಪಿನ ಗುಳ್ಳೆ ಊದುತ್ತಾಳೆ.
ದೊಡ್ಡ ಗುಳ್ಳೆ ಬೇಕೆಂದರೆ ಉಸಿರು ಮೆಲ್ಲಗೆ ಬಿಡಬೇಕು,
ಅದನ್ನು ಅವಳಿಗೆ ಗುಳ್ಳೆಯೇ ಹೇಳಿಕೊಟ್ಟಿತು.
ಭದ್ರಾವತಿಯ ಲೇತ್ ಮೇಸ್ತ್ರಿಗೆ ಮಾತು ಬೇಡ,
ಎಲ್ಲ ಕಣ್ಣೆದುರೇ ನಡೆಯಬೇಕು,
ದಿಂಬು ಎತ್ತರಿಸಿ ಕೊಟ್ಟರೆ ಸಾಕು.
ಕೆಲವು ದಿನ ಯಾವುದೂ ನಾಟುವುದಿಲ್ಲ.
ಆಗ ಇಂಜೆಕ್ಷನ್ ಕೇಳುತ್ತೇನೆ, ಸಂಕೋಚ ಪಡದೆ.

ಗಾಯ ಚಿಕ್ಕದಾಯಿತು. ದಾರಿಯೂ.
ಮೊದಮೊದಲು ಸಾಗರ ಮುಟ್ಟಿ
ಅರ್ಧ ದಾರಿ ವಾಪಸ್ಸೂ ಬರುತ್ತಿದ್ದೆವು.
ಸಂಕ್ರಾಂತಿ ಹೊತ್ತಿಗೆ ಆನಂದಪುರ.
"ಹಿಂಗಾದರೆ ಸಾಗರದವರು ಕಂಪ್ಲೇಂಟ್ ಕೊಡ್ತಾರೆ ಸಿಸ್ಟರ್" ಅಂದರು.
ನಿನ್ನೆ ಕುಂಸಿಯಲ್ಲೇ
ಪಟ್ಟಿ ಕಟ್ಟಿ ಮುಗಿದಿತ್ತು.

ಅವರು ಏಳಲಿಲ್ಲ.
"ಹೋಲ್ಡಾನ್."

ನಿಲ್ಲಿಸಲು ಕೈಯಲ್ಲಿ ಏನೂ ಇರಲಿಲ್ಲ.
ಗ್ಲೌಸ್ ಬಕೆಟ್ಟಿಗೆ ಹಾಕಿ ಸ್ಟೂಲೆಳೆದು ಕೂತೆ.
ಹೊರಗೆ ಸರದಿಯಲ್ಲಿ ಯಾರೋ ಕೆಮ್ಮಿದರು.

"ಚೋರಡಿ" ಅಂದರು,
ಎರಡನೇ ಸೀಟಿಗೂ ಕೇಳಿಸದ ದನಿಯಲ್ಲಿ.
"ಫುಟ್‌ಬೋರ್ಡಲ್ಲಿ ಒಬ್ಬ ಹುಡುಗ ಇದ್ದ.
ರೈಟ್ ಅಂದಿದ್ದು ನಾನು."

ಬೋಗುಣಿಯ ನೀರು ಆರುತ್ತಿತ್ತು.
ಕಾದೆ.
ಇನ್ನೂ ಕಾದೆ.