ಬಿಳಿ ಐದು, ಕಪ್ಪು ನಾಲ್ಕು

ಹಗಲು ಮಿಕ್ಸಿ ರಿಪೇರಿ,
ರಾತ್ರಿ ಮಿಕ್ಸಿಂಗ್.
ಉಪ್ಪಳ ಪೇಟೆಯಲ್ಲಿ ಈ ಜೋಕು ಹಳತಾಯಿತು,
ಆದರೂ ಹೇಳುತ್ತೇನೆ.
ಶಟರ್ ಅರ್ಧ ಇಳಿಸಿ, ಫ್ಯಾನು ಆರಿಸಿ,
ಹಳೆ ಹತ್ತಿಹಾಸಿಗೆಯೊಂದನ್ನು ಗೋಡೆಗೆ ಒರಗಿಸಿದರೆ
ಅದೇ ಸ್ಟುಡಿಯೋ.

ಬೀಟು ಮೊದಲು.
ಒಡೆದ ಜಾರಿನ ಅಂಚಿಗೆ ಸ್ಕ್ರೂಡ್ರೈವರ್ ತಟ್ಟಿದ್ದು ಒಂದು,
ಹೈವೇಯವರು ಕಬ್ಬಿಣದ ಸರಳು ಇಳಿಸುವಾಗ
ಫೋನಿನಲ್ಲಿ ಹಿಡಿದದ್ದು ಇನ್ನೊಂದು.
ಎರಡರ ನಡುವೆ ಒಂದು ಹೆಜ್ಜೆಯಷ್ಟು ಜಾಗ.
ಮಾತು ಅಲ್ಲಿ ಕಾಲಿಡಬೇಕು.

ಯತಿನ್ ಗಟ್ಟಿ ಮೀನಿಗೆ ಐಸು ಒಡೆದು ಬಂದವನು,
ಬೆರಳು ಇನ್ನೂ ತಣ್ಣಗೆ.
ಬೈಗುಳ ತುಳುವಿನಲ್ಲಿ, ಪದ್ಯ ಮಾತ್ರ ಕನ್ನಡದಲ್ಲಿ;
ಯಾಕೆಂದು ಅವನಿಗೂ ಗೊತ್ತಿಲ್ಲ.
ಬೇಳದ ಜೊವಿಟಾ ಕ್ರಾಸ್ತಾ ಲ್ಯಾಬಿನಲ್ಲಿ ರಕ್ತ ತೆಗೆಯುವವಳು,
ಸೂಜಿ ಚುಚ್ಚುವ ಮೊದಲು ಹೇಳುವ ಹಾಗೆ
ಮೈಕಿಗೂ ಹೇಳುತ್ತಾಳೆ: ಕೈ ಸಡಿಲ ಬಿಡಿ.

ಅವಳ ಸಾಲು ಬೀಟಿನಿಂದ ಎರಡು ಮಾತ್ರೆ ಹೊರಗೆ.
ಏಳು ಸಲ ಹೇಳಿದಳು, ಏಳು ಸಲವೂ ಹೊರಗೆ.
ಕೊನೆಗೆ ಪ್ರಾಸ ಹುಡುಕಿ ಓಡಬೇಡ ಮಾರಾಯ್ತಿ,
ಒಂಬತ್ತನೆಯಲ್ಲಿ ಕನ್ನಡ ಟೀಚರ್ ಹೇಳಿದ್ದು ನೆನಪುಂಟಾ,
ಎರಡನೇ ಅಕ್ಷರ, ಎಂದೆ.
ಪರೀಕ್ಷೆಗೆ ಬಿಟ್ಟರೆ ಅದು ಯಾತಕ್ಕೂ ಬಾರದು ಅಂದುಕೊಂಡಿದ್ದವಳು
ಲ್ಯಾಬಿನ ಚೀಟಿಯ ಹಿಂದೆ ಬರೆದಳು:

ಗಡಿಯ ಕಲ್ಲಿಗೆ ಬೆನ್ನು ಉಜ್ಜಿತು ದನ,
ಬಡಿಯಬೇಡಿ, ಅದಕ್ಕೆ ಯಾವ ಲಿಪಿಯೂ ಬಾರದು.
ನಡುವೆ ನಿಂತಿತು ಬಸ್ಸು, ಬೋರ್ಡು ಓದಲಾಗದವ
ಹಿಡಿದು ಕೇಳಿದ ಕೈಯ, ಇದು ಯಾವೂರು, ಎಂತ?

ಎಂತ.
ಅದು ಕನ್ನಡವಾ, ಮಲಯಾಳವಾ?
ಕೇಳುವ ಕಿವಿ ಯಾವುದೋ ಅದು.
ಅದೊಂದನ್ನೇ ಕತ್ತರಿಸಿ ನಾಲ್ಕು ಸಲ ಅಂಟಿಸಿದೆ.
ಯತಿನ್ ಎದ್ದು ನಿಂತ.

ಮೂರನೆಯವನು ಬಂದ್ಯೋಡಿನ ಮಿದ್ಲಾಜ್, ಶಾರ್ಜಾದಲ್ಲಿ.
ಒಂದು ರೂಮು, ಎಂಟು ಮಂಚ, ಏಳು ನಿದ್ದೆ.
ಕಂಬಳಿಯೊಳಗೆ ಬಾಯಿಟ್ಟು ಪಿಸುಗುಟ್ಟಿ ಕಳಿಸಿದ್ದು
ಹದಿನಾರು ಸಾಲು, ವಾಟ್ಸಾಪಿನಲ್ಲಿ.
ಅದರ ಹಿಂದೆ ಏಸಿ. ಮ್ ಮ್ ಮ್ ಮ್.

ಅಳಿಸಲು ನೋಡಿದೆ. ಏಸಿ ಹೋದರೆ
ಅವನ ದನಿಯ ತಳವೂ ಹೋಗುತ್ತದೆ,
ಉಳಿಯುವುದು ಸಕಾರಗಳ ಸಿಪ್ಪೆ.
ಪುನಃ ಕಳಿಸು ಎನ್ನಲೇ? ಬೆಳಿಗ್ಗೆ ನಾಲ್ಕಕ್ಕೆ ಅವನಿಗೆ ವ್ಯಾನು.

ಮಾವನ ಹಾರ್ಮೋನಿಯಂ ತಂದು ಒತ್ತಿದೆ.
ಬಿಳಿ ಐದು, ಇಲ್ಲ, ಸ್ವಲ್ಪ ಮೇಲೆ.
ಕಪ್ಪು ನಾಲ್ಕು, ಅಲ್ಲ, ಕೆಳಗೆ.
ಯಾವ ಮನೆಗೂ ಸೇರದೆ ನಡುವಿನ ಸಂದಿಯಲ್ಲಿ ಕೂತಿತ್ತು ಅದು.
ಸರಿ, ನೀನೇ ಶ್ರುತಿ, ಎಂದೆ.
ಬೇಸ್ ಇಳಿಸಿದೆ, ಜಾರಿನ ಠಣ್ಣನ್ನು ಏರಿಸಿದೆ,
ಇಡೀ ಹಾಡನ್ನು ಎತ್ತಿ ಆ ಏಸಿಯ ಕೆಳಗೆ ಮಲಗಿಸಿದೆ.

ಈಗ ಯತಿನನ ಕೂಗು ಹಾಡಿನಲ್ಲಿ ಕಳ್ಳನ ಹಾಗೆ ಕೇಳಿತು.
ಮೆಲ್ಲಗೆ ಹೇಳು, ಎಂದೆ.
ರ‍್ಯಾಪು ಮೆಲ್ಲಗೆಯಾ, ನಾನೆಂತ ಲಾಲಿ ಹಾಡುವವನಾ,
ಮುಖ ಊದಿಸಿ ಹೊರಗೆ ಹೋದ, ಚಾ ಕುಡಿದು ಬಂದ,
ಹೆಡ್‌ಫೋನು ಹಾಕಿ ಮಿದ್ಲಾಜನನ್ನು ಎರಡು ಸಲ ಕೇಳಿದ.
ಅವನ ಪಕ್ಕದ ಮಂಚದವ ಯಾರೋ ಹೊರಳಿದ್ದೂ ಕೇಳುತ್ತದೆ ಮಾರಾಯ,
ಎಂದ.
ಮತ್ತೆ ಅವನೇ ದನಿ ಇಳಿಸಿದ,
ಎಚ್ಚರಾದೀತು ಎಂಬ ಹಾಗೆ.

ಎರಡೂವರೆಗೆ ಮುಗಿಯಿತು. ಸ್ಪೀಕರ್ ಆರಿಸಿದೆ.
ಶ್ರುತಿ ನಿಲ್ಲಲಿಲ್ಲ.
ಮೂವರೂ ಮೇಲೆ ನೋಡಿದೆವು:
ಟ್ಯೂಬ್‌ಲೈಟಿನ ಚೋಕು.
ಅಲ್ಲಿಯೂ ಕರೆಂಟು ಸೆಕೆಂಡಿಗೆ ಐವತ್ತು ಸಲ, ಇಲ್ಲಿಯೂ ಐವತ್ತು.
ಹದಿನೈದು ವರ್ಷದಿಂದ ಇದೇ ಕಸುಬು ನನ್ನದು,
ಹೊಳೆದಿರಲಿಲ್ಲ.

ಬೆಳಿಗ್ಗೆ ಒಬ್ಬರು ಮಿಕ್ಸಿ ತಂದು ಮೇಜಿನ ಮೇಲಿಟ್ಟರು.
ಅರೆಯುವುದಕ್ಕೇನಿಲ್ಲ, ಶಬ್ದ ಮಾತ್ರ ಜಾಸ್ತಿ, ಎಂದರು.
ಪ್ಲಗ್ಗು ಹಾಕಿ ಕಿವಿಕೊಟ್ಟೆ.
ತೆಗೆಯಲೇಬೇಕಾ, ಕೇಳಿದೆ.